ಕಪ್ಪಿನೊಳಗಿಂದ ಹೊತ್ತಿದ ಹಸಿರು

ಹೊತ್ತಿಕೊಂಡಿತು! ಬೇರೆ ಮಾತೇ ಸಿಗುತ್ತಿಲ್ಲ. ಬೆಳಗಿನಿಂದ ಮಸಿ ಬಳಿದಂತೆ ಕಪ್ಪಗಿದ್ದ ಬಾತಿನ ತಲೆ ತುಸು ಹೊರಳಿತು, ಅಷ್ಟೇ. ಕೆನ್ನೆಯಿಂದ ಕತ್ತಿನವರೆಗೆ ಹಸಿರು ಭಗ್ಗನೆ ಹೊತ್ತಿಕೊಂಡಿತು. ಕ್ಯಾಮೆರಾದ ಗುಂಡಿ ಒತ್ತುವುದನ್ನೇ ಮರೆತೆ. ನೆನಪಾಗಿ ಒತ್ತುವಷ್ಟರಲ್ಲಿ ತಲೆ ಮತ್ತೆ ಕಪ್ಪು!

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಜನವರಿಯ ಒಂದು ಬೆಳಗು. (ಬೆಂಗಳೂರಿನ ಪಕ್ಕದ ಮಾಗಡಿಯಲ್ಲ.) ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ, ಐವತ್ತು ಹೆಕ್ಟೇರ್ ಆಸುಪಾಸಿನ ಈ ಕೆರೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿತು. ಜನ ಇಲ್ಲಿಗೆ ಬರುವುದು ಹಿಮಾಲಯ ದಾಟಿ ಸಾವಿರಗಟ್ಟಲೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು. ನಾನೂ ಅದಕ್ಕೇ ಬಂದವನು. ಆದರೆ ಹೆಬ್ಬಾತುಗಳ ದಂಡಿನಾಚೆ ಹತ್ತು ಹನ್ನೆರಡು ಬೇರೆ ಬಾತುಗಳಿದ್ದವು. ಮೈಗೆ ಮೀರಿದ, ಸೌಟಿನಂತೆ ತುದಿ ಅಗಲವಾದ ಕೊಕ್ಕು. ಶೊವೆಲರ್! ಅವತ್ತು ಮಧ್ಯಾಹ್ನದವರೆಗೆ ನಾನು ಹೆಬ್ಬಾತುಗಳತ್ತ ತಿರುಗಿಯೂ ನೋಡಲಿಲ್ಲ.

ಗಂಡು ಶೊವೆಲರ್ ಫೋಟೊ ತೆಗೆಯುವವರಿಗೆ ಒಡ್ಡಿದ ಪರೀಕ್ಷೆ. ಎದೆ ಹಾಲಿನಷ್ಟು ಬಿಳಿ, ಪಕ್ಕೆ ಇಟ್ಟಿಗೆಗೆಂಪು, ತಲೆ ಗಾಢ, ಕಣ್ಣು ಅರಿಸಿನ ಹಳದಿ. ನಾನು ನಿಂತಿದ್ದದ್ದು ಪಶ್ಚಿಮದ ದಂಡೆಯಲ್ಲಿ, ಸೂರ್ಯ ನೇರ ಮುಖಕ್ಕೆ. ನೀರೆಲ್ಲ ಕಾಸಿದ ಹಿತ್ತಾಳೆ. ಬೆಳಕು ಹೆಚ್ಚಿಸಿದರೆ ಎದೆಯ ಬಿಳಿ ಸುಟ್ಟು ಗರಿಯ ಗೆರೆಗಳೇ ಅಳಿಸುತ್ತಿದ್ದವು. ತಗ್ಗಿಸಿದರೆ ಹಕ್ಕಿ ಬರೀ ನೆರಳು. ಎಪ್ಪತ್ತು ಎಂಬತ್ತು ಫೋಟೊ ತೆಗೆದಿರಬೇಕು. ಒಂದರಲ್ಲೂ ಹಸಿರಿಲ್ಲ. ಪುಸ್ತಕದ ಚಿತ್ರಗಳಲ್ಲಿ ಕಂಡ ಪಚ್ಚೆ ಎಲ್ಲಿ ಹೋಯಿತು?

ಕುರಿ ಹೊಡೆದುಕೊಂಡು ಬಂದ ಅಜ್ಜ ಹಿಂದೆ ಬಂದು ನಿಂತರು.

“ತಮ್ಮಾ, ಹೊತ್ತಿಗೆ ಎದುರ ನಿಂತ್ರ ಎಲ್ಲಾ ಕರೀದ ಕಾಣತೈತಿ. ಆ ದಂಡಿಗೆ ಹೋಗು. ಹೊತ್ತು ಬೆನ್ನಿಗೆ ಬರಲಿ, ಆಮ್ಯಾಲ ನೋಡು ಅದರ ಬಣ್ಣ.”

“ಇಲ್ಲಿಂದ ಹತ್ರ ಐತಲ್ರೀ ಅಜ್ಜಾರ?”

“ಹತ್ರ ಇದ್ದು ಏನ್ ಮಾಡ್ತಿ? ಕಾಣಬೇಕಲ್ಲ!”

ಕೆರೆ ಸುತ್ತಿ ಪೂರ್ವದ ದಂಡೆಗೆ ಹೋದೆ. ಬಿಸಿಲು ಬೆನ್ನಿಗೆ ಬಿತ್ತು. ನೀರಿಗೆ ಎಷ್ಟು ಸಮೀಪವೋ ಅಷ್ಟು ತಗ್ಗಿ, ಹೊಟ್ಟೆಯ ಮೇಲೆ ಮಲಗಿ, ಬಿಳಿ ಎದೆ ಸುಡದಂತೆ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ತಗ್ಗಿಸಿ ಕಾದೆ. ಆಗ ಆ ಹಕ್ಕಿಗಳು ಶುರು ಮಾಡಿದ್ದನ್ನು ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ. ಕೊಕ್ಕು ನೀರಿಗೆ ಚಾಚಿ, ಒಂದರ ಬಾಲಕ್ಕೆ ಇನ್ನೊಂದು ಅಂಟಿದಂತೆ, ಸುತ್ತತೊಡಗಿದವು. ಕಣದಲ್ಲಿ ಹಂತಿ ಹೊಡೆದ ಹಾಗೆ! ಮುಂದಿನ ಹಕ್ಕಿ ಕಾಲಿನಿಂದ ಕೆದಕಿ ಮೇಲೆಬ್ಬಿಸಿದ ಸಣ್ಣ ಜೀವಿಗಳನ್ನು ಹಿಂದಿನದು ಸೋಸುತ್ತದೆ. ಸೋಸಲು ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳು, ನೂರಕ್ಕೂ ಮಿಕ್ಕಿ.

ಹಂತಿ ಒಂದು ಸುತ್ತು ಮುಗಿಸುವುದರೊಳಗೆ ಪ್ರತಿ ತಲೆಯೂ ಬೆಳಕಿನ ಎಲ್ಲ ಕೋನಗಳನ್ನು ಹಾದು ಬರುತ್ತಿತ್ತು. ಅತ್ತ ತಿರುಗಿದಾಗ ಕಪ್ಪು. ಓರೆಯಾದಾಗ ನೇರಳೆ. ಇನ್ನಿಷ್ಟು ಹೊರಳಿದಾಗ ನವಿಲುನೀಲಿ. ನನ್ನ ಬೆನ್ನ ಹಿಂದಿನ ಸೂರ್ಯನಿಗೆ ಸರಿಯಾಗಿ ಎದುರಾದ ಆ ಒಂದು ಗಳಿಗೆ, ಹಸಿರು! ಮತ್ತೆ ಕಪ್ಪು. ಮತ್ತೆ ನೇರಳೆ. ಹತ್ತು ತಲೆಗಳು, ಒಂದೊಂದೂ ಒಂದೊಂದು ಬಣ್ಣದಲ್ಲಿ, ಒಂದೇ ಚಕ್ರದಲ್ಲಿ! ಆದರೆ ಪಕ್ಕೆಯ ಇಟ್ಟಿಗೆಗೆಂಪು ಮಾತ್ರ ಒಂದು ಚೂರೂ ಕದಲಲಿಲ್ಲ, ಎತ್ತ ತಿರುಗಿದರೂ ಅದೇ ಕೆಂಪು. ಒಂದೇ ಹಕ್ಕಿಯ ಮೈಮೇಲೆ ಎರಡು ಬಗೆಯ ಬಣ್ಣ.

ಮನೆಗೆ ಬಂದು ಓದಿದಾಗ ಬೆರಗು ಇಮ್ಮಡಿಯಾಯಿತು. ಪಕ್ಕೆಯ ಕೆಂಪು ಗರಿಯಲ್ಲೇ ಸೇರಿರುವ ಬಣ್ಣದ ವಸ್ತು. ತಲೆಯ ಗರಿಯಲ್ಲಿ ಹಸಿರು ವಸ್ತು ಎಂಬುದೇ ಇಲ್ಲ! ಇರುವುದು ಮೆಲನಿನ್, ನಮ್ಮ ಕೂದಲನ್ನು ಕಪ್ಪಾಗಿಸುವ ಅದೇ ಮೆಲನಿನ್. ಒಂದು ಕೂದಲೆಳೆಯ ಅಗಲಕ್ಕೆ ನೂರಾರು ಹಿಡಿಸುವಷ್ಟು ಸಣ್ಣ ಕಡ್ಡಿಗಳಾಗಿ ಅದು ಗರಿಯ ಎಳೆಗಳಲ್ಲಿ ಒಪ್ಪವಾಗಿ ಜೋಡಿಸಿಕೊಂಡಿರುತ್ತದೆ. ಈ ಕುಲದ ಬಾತುಗಳ ರೆಕ್ಕೆಯ ಮಿರುಗುವ ಪಟ್ಟಿಯಲ್ಲಿ ಆ ಜೋಡಣೆ ಜೇನುಗೂಡಿನ ಕಣ್ಣುಗಳ ಹಾಗೆ ಆರು ಮೂಲೆಯದ್ದು. ಪದರಗಳಿಂದ ಮರಳಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿದಾಗ ಹಸಿರು ಉಕ್ಕುತ್ತದೆ. ಕೋನ ತಪ್ಪಿದರೆ ನೀಲಿ, ನೇರಳೆ. ಪೂರ್ತಿ ತಪ್ಪಿದರೆ ಮೆಲನಿನ್ನಿನ ಕಪ್ಪು. ಗರಿಯನ್ನು ಅರೆದು ಪುಡಿ ಮಾಡಿದರೆ ಉಳಿಯುವುದು ಕಂದುಗಪ್ಪು ಧೂಳು!

ಗರಿಯ ಬಣ್ಣದ ಗುಟ್ಟಿಗೆ ಮನಸೋತವರಲ್ಲಿ ಸರ್ ಸಿ.ವಿ. ರಾಮನ್ ಕೂಡ ಒಬ್ಬರು. ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಹಕ್ಕಿಗಳ ಗರಿಯ ಬಣ್ಣದ ಮೂಲ ಹುಡುಕಿ ಬರೆದರು. ಅವರು ಕೈಗೆತ್ತಿಕೊಂಡ ಹಕ್ಕಿ ನಮ್ಮ ರಾಜ್ಯಪಕ್ಷಿ ನೀಲಕಂಠ. ಅದರ ನೀಲಿಯೂ ಗರಿಯ ಒಳರಚನೆ ಬೆಳಕಿನೊಂದಿಗೆ ಆಡುವ ಆಟವೇ. ಎಷ್ಟು ಸಲ ತಂತಿಯ ಮೇಲೆ ಕುಳಿತ ನೀಲಕಂಠವನ್ನು ಬಸ್ಸಿನ ಕಿಟಕಿಯಿಂದ ನೋಡಿಲ್ಲ ನಾನು!

ಅವತ್ತು ಕೆರೆಯ ಮೇಲೆ ಹನ್ನೊಂದರ ಹೊತ್ತಿಗೆ ತೆಳುಮೋಡ ಕವಿಯಿತು. ಹಸಿರು ಮಂಕಾಯಿತು. ಕ್ಯಾಮೆರಾ ಚೀಲಕ್ಕೆ ಹಾಕಲು ಹೊರಟವನು ತಡೆದೆ. ಪ್ರಖರ ಬಿಸಿಲಲ್ಲಿ ಕಾಣದಿದ್ದ ಬಿಳಿ ಎದೆಯ ಪ್ರತಿ ಗರಿಯೂ ಈಗ ಬೇರೆಬೇರೆ! ಪಕ್ಕೆಯ ಕೆಂಪಿಗೆ ಹಸಿಮಣ್ಣಿನ ಕಳೆ. ಒಂದು ಗಂಡು ಮುಳುಗೆದ್ದು ರೆಕ್ಕೆ ಬಡಿಯಿತು. ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನ ಶಟರ್ ವೇಗದಲ್ಲಿ ಸಿಕ್ಕಿತು, ಮಡಿಚಿದ ರೆಕ್ಕೆ ಅಡಗಿಸಿಟ್ಟಿದ್ದ ಬೂದುನೀಲಿ. ಕೆಟ್ಟ ಬೆಳಕು ಎಂಬ ಮಾತನ್ನು ನಾನು ಅವತ್ತೇ ಬಿಟ್ಟೆ.

ನೀವೂ ಹೋಗಿ. ಜನವರಿ, ಫೆಬ್ರುವರಿ ಒಳ್ಳೆಯದು. ಅದಕ್ಕೂ ಮುಂಚೆ ಹೋದರೆ ಎಷ್ಟೋ ಗಂಡುಗಳು ಹೆಣ್ಣಿನಂತೆ ಕಂದುಗರಿಯಲ್ಲೇ ಇರುತ್ತವೆ. ಡ್ರೋನ್ ಬೇಡ, ಹಕ್ಕಿಗಳನ್ನು ಬೆದರಿಸಿ ಹಾರಿಸಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ದೂರದ ಉತ್ತರಕ್ಕೆ ಮರಳಿ ಹಾರಲು ಬೇಕಾದ ಕೊಬ್ಬನ್ನು ಅವು ಈ ಕೆರೆಗಳಲ್ಲೇ ಕೂಡಿಸಿಕೊಳ್ಳಬೇಕು. ಹೊತ್ತು ಬೆನ್ನಿಗಿರಲಿ. ದಂಡೆಯ ಮೇಲೆ ಅಲುಗಾಡದೆ ಮಲಗಿ ಕಾಯಿರಿ, ತಲೆ ಹೊರಳಿಸುವುದು ಹಕ್ಕಿಯ ಕೆಲಸ.