ಮೊಲದ ಮಾಂಸದಲ್ಲಿನ ಮೇದಸ್ಸು ಮತ್ತು ತಳಿಯ ಆಯ್ಕೆ

ಕನ್ನಡದಲ್ಲಿ ಮೊಲವೆಂಬ ಒಂದೇ ಶಬ್ದವು ಎರಡು ಬೇರೆ ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಕನ್ನಡನಾಡಿನ ಕುರುಚಲು ಕಾಡುಗಳಲ್ಲಿ ಸಂಚರಿಸುವ ಮೊಲವು ಬಿಲವನ್ನು ತೋಡುವುದಿಲ್ಲ. ಅದರ ಮರಿಗಳು ಮೈತುಂಬ ಕೂದಲಿದ್ದು, ಕಣ್ಣು ತೆರೆದೇ ಹುಟ್ಟುವುವು. ಸಾಕುಮೊಲವಾದರೋ ಐಬೀರಿಯ ಪರ್ಯಾಯದ್ವೀಪ ಮತ್ತು ದಕ್ಷಿಣ ಫ್ರಾನ್ಸುಗಳ ಬಿಲವಾಸಿ ಪ್ರಾಣಿಯ ಸಂತತಿ; ಅದರ ಮರಿಗಳು ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಪ್ರಕೃತ ವಿಚಾರವು ಈ ಎರಡನೆಯದಕ್ಕೆ ಸಂಬಂಧಿಸಿದುದು. ಇದರ ಗರ್ಭಾವಧಿಯು ಸುಮಾರು 31 ದಿನಗಳು ಮಾತ್ರ. ಆದುದರಿಂದ ದನಗಳಲ್ಲಿ ದಶಕಗಳು ಹಿಡಿಯುವ ಪೀಳಿಗೆಗಳ ಪರೀಕ್ಷೆಯನ್ನು ಮೊಲಗಳಲ್ಲಿ ಕೆಲವೇ ವರ್ಷಗಳಲ್ಲಿ ನಡೆಸಬಹುದು.

ಮೊಲದ ದೇಹದಲ್ಲಿ ಮೇದಸ್ಸು ಮುಖ್ಯವಾಗಿ ಎರಡು ವಿಧವಾಗಿ ಸಂಗ್ರಹವಾಗುತ್ತದೆ. ಮೂತ್ರಪಿಂಡಗಳ ಸುತ್ತಲೂ ಹೆಗಲುಗಳ ನಡುವೆಯೂ ಗಡ್ಡೆಯಾಗಿ ಕೂಡುವ ಕೊಬ್ಬು ಒಂದು. ಸ್ನಾಯುವಿನ ಎಳೆಗಳಲ್ಲಿಯೇ ಅಡಗಿರುವ ಮೇದಸ್ಸು ಮತ್ತೊಂದು. ಮೊದಲನೆಯದು ತಿಂದ ಮೇವಿನ ನಷ್ಟವೆಂದೇ ಸಾಕುವವರ ಎಣಿಕೆ. ಎರಡನೆಯದು ಮಾಂಸದ ರುಚಿಗೂ ರಸಕ್ಕೂ ಸಹಾಯಕವೆಂದು ಭಾವಿಸಲ್ಪಟ್ಟಿದೆ. ಆದರೆ ಮೊಲದ ಬೆನ್ನಿನ ಮಾಂಸದಲ್ಲಿ ಇದು ನೂರಕ್ಕೆ 1ರ ಆಸುಪಾಸಿನಲ್ಲಿರುವಷ್ಟು ಅಲ್ಪ. ಶೀಘ್ರ ಬೆಳವಣಿಗೆಗಾಗಿಯೇ ತಳಿಗಳನ್ನು ಆರಿಸುತ್ತ ಬಂದುದರ ಫಲವೂ ಇಲ್ಲಿ ಗಮನಾರ್ಹ. ಅಂತಹ ಮೊಲವು ಮಾರಾಟದ ತೂಕವನ್ನು ಎಳೆಯ ವಯಸ್ಸಿನಲ್ಲಿಯೇ ಮುಟ್ಟುತ್ತದೆ; ದೇಹವು ಪಕ್ವವಾಗುವ ಮೊದಲೇ ವಧೆಗೆ ಬರುವುದರಿಂದ ಅದರಲ್ಲಿ ಮೇದಸ್ಸು ಮತ್ತಷ್ಟು ಕಡಿಮೆ.

ಸ್ನಾಯುವಿನ ಮೇದಸ್ಸನ್ನು ಆಯ್ಕೆಯಿಂದ ಹೆಚ್ಚಿಸಬಹುದೆ? ಇಲ್ಲಿ ಒಂದು ತೊಡಕುಂಟು. ಅದನ್ನು ಅಳೆಯಬೇಕಾದರೆ ಪ್ರಾಣಿಯನ್ನು ಕೊಲ್ಲಬೇಕು. ಕೊಂದ ಪ್ರಾಣಿಯಿಂದ ಸಂತತಿಯಿಲ್ಲ. ಸ್ಪೇನ್ ದೇಶದ ವಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಒಡಹುಟ್ಟುಗಳ ಮೂಲಕ ಪರಿಹರಿಸಿದರು. ಪ್ರತಿ ತಾಯಿಯ ಮೊದಲ ಸೂಲಿನ ಒಂದು ಗಂಡು, ಒಂದು ಹೆಣ್ಣು ಮರಿಗಳನ್ನು 9 ವಾರಗಳ ವಯಸ್ಸಿನಲ್ಲಿ ವಧಿಸಿ, ಬೆನ್ನಿನ ಸ್ನಾಯುವನ್ನು ಪರೀಕ್ಷಿಸಿ, ಎರಡರ ಸರಾಸರಿಯಿಂದ ತಾಯಂದಿರ ತರತಮವನ್ನು ನಿರ್ಣಯಿಸಿದರು. ಉತ್ತಮವೆನಿಸಿದ ತಾಯಂದಿರ ಮುಂದಿನ ಸೂಲಿನ ಮರಿಗಳೇ ಮರುಪೀಳಿಗೆಗೆ ಮೂಲವಾದುವು. ಒಂದೇ ಮೂಲಸಮೂಹದಿಂದ ಮೇದಸ್ಸು ಹೆಚ್ಚಿರುವ ಒಂದು ಶಾಖೆಯನ್ನೂ ಕಡಿಮೆಯಿರುವ ಇನ್ನೊಂದು ಶಾಖೆಯನ್ನೂ ಜತೆಜತೆಯಾಗಿ ಬೆಳೆಸಿದುದರಿಂದ, ಇಬ್ಬಗೆಯ ಮೊಲಗಳಿಗೂ ಮೇವು, ಹವೆ, ಪಾಲನೆಗಳು ಸಮಾನವಾಗಿದ್ದು, ಕಂಡ ಭೇದವು ವಂಶಾನುಗತವೆಂದು ಹೇಳಲು ಆಸ್ಪದವಾಯಿತು.

7 ಪೀಳಿಗೆಗಳು ಕಳೆಯುವಷ್ಟರಲ್ಲಿ ಶಾಖೆಗಳೆರಡೂ ಸ್ಪಷ್ಟವಾಗಿ ಬೇರ್ಪಟ್ಟುವು. ಈ ಗುಣದ ಆನುವಂಶಿಕತೆಯು ಸುಮಾರು 0.5 ಎಂದು ಕಂಡುಬಂದಿತು. ಎಂದರೆ ಮೊಲಮೊಲಗಳ ನಡುವೆ ತೋರುವ ವ್ಯತ್ಯಾಸದಲ್ಲಿ ಅರ್ಧದಷ್ಟು ಹುಟ್ಟಿನಿಂದ ಬಂದುದು. ಆದರೆ ಸ್ನಾಯುವಿನಲ್ಲಿ ಮೇದಸ್ಸು ಹೆಚ್ಚಿದ ಶಾಖೆಯಲ್ಲಿ ಮೂತ್ರಪಿಂಡಗಳ ಸುತ್ತಣ ಕೊಬ್ಬೂ ಹೆಚ್ಚಿತು. ಮೇದಸ್ಸಿನ ಸ್ವರೂಪವೂ ಬದಲಾಯಿತು. ಜೀವಕೋಶಗಳ ಪೊರೆಯಲ್ಲಿರುವ ಫಾಸ್ಫೊಲಿಪಿಡ್ಡುಗಳು ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತವೆ. ಹೆಚ್ಚುವುದು ಸಂಗ್ರಹರೂಪದ ಟ್ರೈಗ್ಲಿಸರೈಡು. ಬಹು ಅಪರ್ಯಾಪ್ತ ಮೇದಾಮ್ಲಗಳು ಫಾಸ್ಫೊಲಿಪಿಡ್ಡುಗಳಲ್ಲಿ ವಿಶೇಷವಾಗಿರುವುದರಿಂದ, ಮೇದಸ್ಸು ಬೆಳೆದಂತೆಲ್ಲ ಅವುಗಳ ಪಾಲು ತಗ್ಗುವುದು. ಮೊಲದ ಮಾಂಸವು ಆರೋಗ್ಯಕ್ಕೆ ಹಿತವೆಂದು ಹೊಗಳಿಸಿಕೊಳ್ಳುವುದಕ್ಕೆ ಆ ಆಮ್ಲಗಳೂ ಒಂದು ಕಾರಣವಾದ್ದರಿಂದ, ರುಚಿಯ ಕಡೆಗೆ ಇಟ್ಟ ಹೆಜ್ಜೆಯು ಹಿತದ ಕಡೆಯಿಂದ ಕೊಂಚ ಹಿಂಜರಿಯುವುದು.

ತರ್ಕಶಾಸ್ತ್ರದಲ್ಲಿ ಮೊಲದ ಕೊಂಬು ಅಸಂಭವಕ್ಕೆ ದೃಷ್ಟಾಂತ. ಮಾಂಸದೊಳಗೆ ಮೇದಸ್ಸಿದ್ದು ಹೊರಗೆ ಕೊಬ್ಬಿಲ್ಲದ ಮೊಲವು ಆ ಬಗೆಯ ಅಸಂಭವವಲ್ಲ. ಏಕೆಂದರೆ ಎರಡು ಗುಣಗಳ ನಂಟು ಬಲವಾದುದಾದರೂ ಪೂರ್ಣವಲ್ಲ. ಎರಡನ್ನೂ ಒಟ್ಟಿಗೆ ತೂಗಿ ಆರಿಸಿದಲ್ಲಿ ಎರಡರಲ್ಲಿಯೂ ಮುನ್ನಡೆ ಸಾಧ್ಯ. ಆದರೆ ಒಂದೊಂದರಲ್ಲಿಯೂ ಅದು ನಿಧಾನವಾಗುವುದು. ಆಯ್ಕೆ ಮಾಡುವವನ ಕೈಗೆ ಗುಣವು ಒಂಟಿಯಾಗಿ ಬರುವುದಿಲ್ಲ. ತನ್ನ ಬಂಧುಗಳೊಡನೆಯೇ ಬರುತ್ತದೆ. ಏನನ್ನು ಪಡೆಯಬೇಕೆಂಬುದರೊಡನೆ ಏನನ್ನು ಬಿಡಲು ಸಿದ್ಧವೆಂಬುದನ್ನೂ ಮೊದಲೇ ನಿಶ್ಚಯಿಸಬೇಕೆಂಬುದು ಈ ಪರೀಕ್ಷೆಯಿಂದ ವಿದಿತವಾಗುವ ಸಂಗತಿ.