ಬರೆದಾಯಿತು ಎಂಬ ಮಾತು

ನಾನು ಕನ್ನಡ ಓದಿದವನು, ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು. ಅಂಥವನು ಗಣಕಯಂತ್ರದ ಒಡಲಿನ ವಿಚಾರ ಹೇಳಹೊರಟದ್ದು ಅಧಿಕಪ್ರಸಂಗವೆಂದು ಕೇಳುಗರಿಗೆ ತೋರಿದರೆ ಅದು ಅವರ ತಪ್ಪಲ್ಲ. ಇದಕ್ಕೆ ಕಾರಣವಾದದ್ದು ಒಂದು ನಷ್ಟ. ಹಳಗನ್ನಡ ಕಾವ್ಯವೊಂದರ ಪಾಠಾಂತರಗಳನ್ನು ಮೂರು ವಾರ ಕೂತು ಒಂದು ಕಡತದಲ್ಲಿ ತುಂಬುತ್ತಿದ್ದೆ. ಒಂದು ಸಂಜೆ ಉಳಿಸುವ ಗುಂಡಿಯನ್ನು ಒತ್ತಿದೆ. ಉಳಿಸಲಾಗಿದೆ ಎಂಬ ಸೂಚನೆಯೂ ಬಂತು. ಮರುಗಳಿಗೆಯಲ್ಲೇ ಕರೆಂಟು ಹೋಯಿತು. ಬೆಳಗ್ಗೆ ನೋಡಿದರೆ ಕಡತದ ಹೆಸರಿದೆ, ಗಾತ್ರವೂ ಸರಿಯಾಗಿದೆ, ಒಳಗೆ ಮಾತ್ರ ಒಂದಕ್ಷರವಿಲ್ಲ. ಉದ್ದಕ್ಕೂ ಬರಿಯ ಸೊನ್ನೆ. ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿ, "ಸಾರ್, ಬರೆದಾಯಿತು ಅಂತ ಹೇಳಿತಷ್ಟೆ, ಬರೆದಿರಲಿಲ್ಲ" ಎಂದ. ಆ ಮಾತಿನ ಅರ್ಥವನ್ನು ಹುಡುಕಿಕೊಂಡು ಹೋದಾಗ ನನಗೆ ದೊರೆತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಬರಹವು ಕೊನೆಗೆ ನೆಲೆಗೊಳ್ಳುವ ತಾಣ ಡಿಸ್ಕು. ಕಾಂತೀಯ ಲೇಪವುಳ್ಳ ತಟ್ಟೆಗಳು ಅದರೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ತಟ್ಟೆಯ ಮೈಯನ್ನು 512 ಅಥವಾ 4,096 ಬೈಟುಗಳ ಖಂಡಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿದೆ. ನಮ್ಮ ಭಾಷೆ ಈ ಲೆಕ್ಕದಲ್ಲಿ ತುಸು ದುಬಾರಿ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಇಂದಿನ ಸಂಕೇತಪದ್ಧತಿಯಲ್ಲಿ 18 ಬೈಟು ಬೇಕು. ಇರಲಿ. ಈ ತಟ್ಟೆಗಳನ್ನು ಆಳುವುದು ಕಂಟ್ರೋಲರ್ ಎಂಬ ವಿದ್ಯುನ್ಮಂಡಲ. ಅದು ಅಪ್ಪಣೆಯಿಲ್ಲದೆ ಏನನ್ನೂ ಮಾಡದು. ಅಪ್ಪಣೆಯೂ ಅದರದೇ ಸಂಕೇತಗಳಲ್ಲಿ, ಅದು ಹೇಳಿದ ಜಾಗದಲ್ಲೇ ಬಂದಿರಬೇಕು.

ಆ ಸಂಕೇತವನ್ನು ಬಲ್ಲ ತಂತ್ರಾಂಶವೇ ಡ್ರೈವರ್. ಹೆಸರಿನಿಂದ ಬಸ್ಸಿನ ಚಾಲಕನ ನೆನಪಾದರೂ ಇದರ ಕೆಲಸ ದುಭಾಷಿಯದು. ಇಂಥ ಸಂಖ್ಯೆಯ ಖಂಡದಿಂದ ಇಷ್ಟನ್ನು ತಾ ಎಂದು ಆಪರೇಟಿಂಗ್ ಸಿಸ್ಟಮ್ ಎಲ್ಲ ಡಿಸ್ಕುಗಳಿಗೂ ಒಂದೇ ಮಾತಿನಲ್ಲಿ ಹೇಳುತ್ತದೆ. ಡ್ರೈವರ್ ಅದನ್ನು ಎದುರಿಗಿರುವ ಕಂಟ್ರೋಲರಿನ ನುಡಿಗೆ ತಿರುಗಿಸುತ್ತದೆ. ಮೊದಲೆಲ್ಲ ಸರಕು ಹೊರುವ ಕೆಲಸವೂ ಮುಖ್ಯ ಸಂಸ್ಕಾರಕದ್ದೇ ಆಗಿತ್ತು: ಒಂದೊಂದು ಸಲಕ್ಕೆ ಎರಡೇ ಬೈಟು, 512 ಬೈಟಿನ ಒಂದು ಖಂಡಕ್ಕೆ 256 ಸಲ. ಈಗ ಹಾಗಿಲ್ಲ. ಹಿಂದಿನ ದೊಡ್ಡ ಗ್ರಂಥಾಲಯಗಳಲ್ಲಿ ಓದುಗ ಚೀಟಿ ಬರೆದು ಕೊಟ್ಟು ತನ್ನ ಮೇಜಿಗೆ ಮರಳಿದರೆ, ಪರಿಚಾರಕನೇ ಪುಸ್ತಕ ತಂದಿಟ್ಟು ಹೋಗುತ್ತಿದ್ದನಲ್ಲ, ಇದೂ ಹಾಗೆಯೇ. ಡ್ರೈವರ್ ಅಪ್ಪಣೆಯನ್ನು ಸ್ಮೃತಿಯಲ್ಲಿ ಬರೆದಿಟ್ಟು, ಕಂಟ್ರೋಲರಿನ ನಿಗದಿತ ರಿಜಿಸ್ಟರಿಗೆ ಒಂದು ಸಂಖ್ಯೆ ಹಾಕಿ ಎಚ್ಚರಿಸುತ್ತದೆ. ಕಂಟ್ರೋಲರ್ ತಾನೇ ಸರಕನ್ನು ಸ್ಮೃತಿಗೆ ಸಾಗಿಸಿ, ಮುಗಿದೊಡನೆ ಅಡ್ಡಕರೆಯೊಂದನ್ನು ಕಳಿಸುತ್ತದೆ. ಸಾಮಾನ್ಯ ಸಾಟಾ ಡಿಸ್ಕಿಗೆ ಹೀಗೆ 32 ಚೀಟಿಗಳನ್ನು ಒಟ್ಟಿಗೆ ಕೊಡಬಹುದು. ತಲೆ ಅಲೆಯುವುದು ಕಡಿಮೆಯಾಗುವಂತೆ ಡಿಸ್ಕು ಅವುಗಳ ಸರದಿಯನ್ನು ತಾನೇ ಬದಲಿಸಿಕೊಳ್ಳುತ್ತದೆ.

ಈ ದುಭಾಷಿಯನ್ನು ಒಬ್ಬನೇ ಕುಳಿತು ಬರೆದ ನಿದರ್ಶನವೂ ಇದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ವಿಶ್ವವಿದ್ಯಾಲಯದಿಂದ ಫೋನ್ ತಂತಿಯ ಮೂಲಕ ತರಿಸಿದ ಕಡತಗಳನ್ನು ಉಳಿಸಿಕೊಳ್ಳಲೆಂದು ತನ್ನ ಯಂತ್ರಕ್ಕೆ ಡಿಸ್ಕ್ ಡ್ರೈವರ್ ಬರೆದ. ಮುಂದೆ ಲಿನಕ್ಸ್ ಎಂದು ಹೆಸರಾದದ್ದು ಹೀಗೆ ಬೆಳೆಯಿತು. ಮೋಡೆಮ್ಮಿಗೆ ಕಳಿಸಬೇಕಾಗಿದ್ದ ದೂರವಾಣಿ ಆದೇಶವನ್ನು ಆತ ಒಮ್ಮೆ ಮರೆತು ಡಿಸ್ಕಿಗೇ ಕಳಿಸಿ, ಅಲ್ಲಿದ್ದ ಹಳೆಯ ವ್ಯವಸ್ಥೆಯನ್ನು ಕೆಡಿಸಿಕೊಂಡ. ಡಿಸ್ಕು ಬರಹದ ಅರ್ಥವನ್ನು ಕೇಳುವುದಿಲ್ಲ, ಕೊಟ್ಟದ್ದನ್ನು ಬರೆಯುತ್ತದೆ.

ಎಲ್ಲವೂ ಸುಗಮವಾಗಿದ್ದಾಗ ಡ್ರೈವರಿನ ಕೆಲಸ ಹೆಚ್ಚಿನದಲ್ಲ. ಉತ್ತರ ಬಾರದಿದ್ದಾಗಲೇ ಅದರ ಪರೀಕ್ಷೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತಾರೆ. ಆಮೇಲೆ ಆ ಅಪ್ಪಣೆಯನ್ನು ರದ್ದುಮಾಡಲು ಯತ್ನ. ಅದಕ್ಕೂ ಮಣಿಯದಿದ್ದರೆ ಡಿಸ್ಕನ್ನು ಮೊದಲ ಸ್ಥಿತಿಗೆ ತರುವುದು. ಅದೂ ಸಾಗದಿದ್ದರೆ ಕಂಟ್ರೋಲರನ್ನೇ ಹೊಸದಾಗಿ ಎಬ್ಬಿಸುವುದು. ಕಡೆಗೆ ಈ ಡಿಸ್ಕು ಇನ್ನಿಲ್ಲವೆಂದು ಮೇಲಿನವರಿಗೆ ತಿಳಿಸಿ ಕೈಬಿಡುವುದು. ಪರದೆ ಸ್ತಬ್ಧವಾಗಿ ನಿಂತಿತೆಂದು ನಾವು ಮೌಸನ್ನು ಕುಟ್ಟುತ್ತಿರುವಾಗ, ಎಷ್ಟೋ ಸಲ ಒಳಗೆ ನಡೆದಿರುವುದು ಈ ಶುಶ್ರೂಷೆ.

ಇನ್ನು ನನ್ನ ಕಡತದ ಸಂಗತಿ. ಬರಹವು ಗುಂಡಿ ಒತ್ತಿದ ತಕ್ಷಣ ತಟ್ಟೆಗೆ ಹೋಗುವುದಿಲ್ಲ. ಮೊದಲು ಆಪರೇಟಿಂಗ್ ಸಿಸ್ಟಮ್ ಅದನ್ನು ತನ್ನ ಸ್ಮೃತಿಯಲ್ಲಿ ಕೆಲ ಸೆಕೆಂಡು ಇರಿಸಿಕೊಳ್ಳುತ್ತದೆ. ಅಲ್ಲಿಂದ ಡ್ರೈವರ್ ದಾಟಿಸಿದ ಮೇಲೂ ಡಿಸ್ಕು ತನ್ನದೇ ಸಣ್ಣ ಸ್ಮೃತಿಯಲ್ಲಿ ಇಟ್ಟುಕೊಂಡು 'ಬರೆದಾಯಿತು' ಎಂದುಬಿಡಬಲ್ಲದು. ಈ ಎರಡು ಸ್ಮೃತಿಗಳೂ ವಿದ್ಯುತ್ತಿನ ಜೊತೆಗೆ ಅಳಿಯತಕ್ಕವು. ವೇಗಕ್ಕಾಗಿ ಒಪ್ಪಿಕೊಂಡ ಸುಳ್ಳು ಇದು. ಇದಕ್ಕೆ ಪರಿಹಾರವಾಗಿಯೇ, ಇಟ್ಟುಕೊಂಡದ್ದನ್ನೆಲ್ಲ ತಟ್ಟೆಗೆ ಇಳಿಸಿ ಆಮೇಲೆ ಉತ್ತರ ಹೇಳು ಎಂಬ ಬೇರೆಯೊಂದು ಅಪ್ಪಣೆ ಉಂಟು. ಬರಹದ ತಂತ್ರಾಂಶ ಕೇಳಿದರೆ ಡ್ರೈವರ್ ಅದನ್ನು ಕಳಿಸುತ್ತದೆ. ನಾನು ಬಳಸುತ್ತಿದ್ದ ತಂತ್ರಾಂಶ ಕೇಳಿರಲಿಲ್ಲ. ಹೆಸರು, ಗಾತ್ರಗಳ ದಾಖಲೆ ತಟ್ಟೆಗೆ ಮುಟ್ಟಿತು. ಪಾಠಾಂತರಗಳು ದಾರಿಯಲ್ಲಿ ಅಳಿದವು.

ಕೇಳಿದವರಿಗೂ ಮೋಸವಾದದ್ದುಂಟು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ನಿರ್ಮಾಪಕರು 2018ರಲ್ಲಿ ಒಂದು ವಿಚಿತ್ರವನ್ನು ಕಂಡರು. ಬರೆಯುವುದು ವಿಫಲವಾದರೆ ಲಿನಕ್ಸ್ ಅದನ್ನು ಒಮ್ಮೆ ತಿಳಿಸಿ, ಆಮೇಲೆ ಆ ಪುಟಗಳನ್ನು ಬರೆದಾದವುಗಳ ಸಾಲಿಗೆ ಸೇರಿಸಿಬಿಡುತ್ತಿತ್ತು. ಎರಡನೆಯ ಸಲ ಕೇಳಿದರೆ ಎಲ್ಲವೂ ಸರಿಯೆಂಬ ಉತ್ತರ. ಇಂಥ ವೈಫಲ್ಯ ಕಂಡೊಡನೆ ಪೂರ್ತಿ ನಿಂತು, ತನ್ನ ದಿನಚರಿಯಿಂದ ಮತ್ತೆ ಎಲ್ಲವನ್ನೂ ಬರೆದುಕೊಳ್ಳುವಂತೆ 2019ರಲ್ಲಿ ಅವರು ತಮ್ಮ ತಂತ್ರಾಂಶವನ್ನು ತಿದ್ದಿದರು.

ನನಗೆ ಅಂಥ ದಿನಚರಿ ಇರಲಿಲ್ಲ. ಕಾಗದದ ಚೀಟಿಗಳು ಕೆಲವು ಉಳಿದಿದ್ದುವು. ಅವುಗಳಿಂದ ಮತ್ತೆ ಮೊದಲ ಆಶ್ವಾಸದಿಂದ ಆರಂಭಿಸಿದ್ದೇನೆ. ಪೆನ್‌ಡ್ರೈವನ್ನು ಕೀಳುವ ಮೊದಲು ಸುರಕ್ಷಿತವಾಗಿ ತೆಗೆಯುವ ಆದೇಶವನ್ನು ಒತ್ತಿರೆಂದು ಮನೆಯ ಮಕ್ಕಳು ಹೇಳಿದರೆ, ದಯವಿಟ್ಟು ಗದರಿಸಬೇಡಿ. ಅವರು ಕಳಿಸುತ್ತಿರುವುದು ಆ ಅಪ್ಪಣೆಯನ್ನೇ.