ವೇಪ್ ಬ್ಯಾಟರಿ ಟಾರ್ಚಿಗೆ ಆದೀತೇ?

ಪ್ರಶ್ನೆ: ದುಬೈಯಿಂದ ಬಂದ ಭಾವ ತಂದ ವೇಪ್‌ನ ಬ್ಯಾಟರಿಯನ್ನು ಟಾರ್ಚಿಗೆ ಹಾಕಬಹುದೇ?
– ಓದುಗರೊಬ್ಬರು, ಭಟ್ಕಳ

ಉತ್ತರ: ಮೊದಲು ಭಾವನಿಗೊಂದು ಮಾತು. ವೇಪ್ ಅಂದರೆ ಇ-ಸಿಗರೇಟು; ಅದರ ಆಮದು, ಮಾರಾಟ, ದಾಸ್ತಾನು 2019ರಿಂದ ದೇಶದಲ್ಲೆಲ್ಲ ನಿಷಿದ್ಧ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. ಇನ್ನು ತರುವುದು ಬೇಡ.

ಬ್ಯಾಟರಿ ಒಳಗೇ ಬೆಸುಗೆಯಾಗಿದ್ದರೆ ಕೀಳಬೇಡಿ. ಬಿಡಿ 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಆಗಿದ್ದರೆ, ಅದೇ ಸೆಲ್ಲಿನ ಟಾರ್ಚಿಗೆ ಆದೀತು. ಆದರೆ ಪ್ಲಾಸ್ಟಿಕ್ ಹೊದಿಕೆ ನೋಡಿ. ಸೆಲ್ಲಿನ ಲೋಹದ ಮೈಯೆಲ್ಲ ಮೈನಸ್ಸೇ. ಪ್ಲಸ್ ತುದಿಯ ಬಳಿ ಹೊದಿಕೆ ಹರಿದಿದ್ದರೆ ಜೇಬಿನ ಕೀಲಿಗೊಂಚಲು ತಾಗಿದರೂ ಶಾರ್ಟ್ ಆಗಿ ಬೆಂಕಿ ಹತ್ತೀತು. ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದದ್ದೂ ಬೇಡ. 4.2 ವೋಲ್ಟಿಗೆ ನಿಲ್ಲುವ ಚಾರ್ಜರೇ ಇರಲಿ. ಹೊಸದು ಕೊಳ್ಳುವಾಗ ‘9900 ಎಂಎಎಚ್’ ಎಂಬ ಬರಹ ಕಂಡರೆ ಅದು ಶುದ್ಧ ಸುಳ್ಳು. ಕೆಟ್ಟ ಸೆಲ್ಲಿನ ತುದಿಗಳಿಗೆ ಟೇಪ್ ಅಂಟಿಸಿ, ಇ-ತ್ಯಾಜ್ಯಕ್ಕೇ ಕೊಡಿ.